ಸವಾರನ ಕೈಯಲ್ಲಿ ಸ್ಪ್ಯಾನರ್ ಉಳಿಯಲಿ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ತಯಾರಿಸಿದ ಜಾವಾ, ಯೆಜ್ಡಿ ಮೋಟಾರ್ ಸೈಕಲ್‌ಗಳಲ್ಲೊಂದು ವಿಶೇಷವಿತ್ತು. ಗೇರ್ ಲಿವರನ್ನೇ ಒಳಕ್ಕೆ ಒತ್ತಿ ಮೇಲಕ್ಕೆತ್ತಿದರೆ ಅದು ಕಿಕ್ ಲಿವರ್ ಆಗುತ್ತಿತ್ತು. ಪಕ್ಕದ ಪೆಟ್ಟಿಗೆಯಲ್ಲಿ ಸ್ಪ್ಯಾನರ್‌ಗಳ ಗಂಟೊಂದು ಇರುತ್ತಿತ್ತು. ಕೊಂಡವನು ತನ್ನ ವಾಹನವನ್ನು ತಾನೇ ಬಿಚ್ಚಿ ಜೋಡಿಸಬಲ್ಲನೆಂಬ ನಂಬಿಕೆ ಆ ಗಂಟಿನಲ್ಲಿತ್ತು. ಇಂದು ಕ್ಷೀಣಿಸುತ್ತಿರುವುದು ಈ ನಂಬಿಕೆಯೇ.

ಗೇರ್ ಲಿವರನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಗೇರ್ ಪೆಟ್ಟಿಗೆಯಿಂದ ಹೊರಬರುವ ದಂಡದ ಮೇಲೆ ಸಣ್ಣ ಹಲ್ಲುಗಳಿರುತ್ತವೆ; ಲಿವರ್ ಅವನ್ನು ಕಚ್ಚಿಕೊಂಡು ಕುಳಿತಿರುತ್ತದೆ. ಬೋಲ್ಟ್ ತೆಗೆದು, ಲಿವರನ್ನು ಹೊರಗೆಳೆದು, ಒಂದು ಹಲ್ಲಿನಷ್ಟು ಮೇಲಕ್ಕೋ ಕೆಳಕ್ಕೋ ಸರಿಸಿ ಬಿಗಿದರೆ ಸವಾರನ ಪಾದಕ್ಕೆ ಅದು ಹೊಂದಿಕೊಳ್ಳುತ್ತದೆ. ಮಳೆಗಾಲದ ದಪ್ಪ ಬೂಟು ತೊಡುವವರಿಗೆ ಒಂದು ಎತ್ತರ ಬೇಕು, ಚಪ್ಪಲಿ ಹಾಕುವವರಿಗೆ ಇನ್ನೊಂದು. ಅರವತ್ತು ದಾಟಿದ ನನ್ನಂಥವರ ಮಂಡಿಗೆ, ಹಿಮ್ಮಡಿಯಿಂದಲೂ ಒತ್ತಬಹುದಾದ ಜೋಡಿ ಲಿವರ್ ವರದಾನವೇ ಸರಿ. ಹತ್ತು ನಿಮಿಷದ ಈ ಕೆಲಸ ಸವಾರಿ ಮುಂದುವರಿಸುವುದಕ್ಕೂ ಕೈಬಿಡುವುದಕ್ಕೂ ನಡುವಿನ ಅಂತರವಾಗಬಲ್ಲದು.

ಹಾಗೆಂದು ಮನಬಂದಂತೆ ಕತ್ತರಿಸಿ ಬೆಸುಗೆ ಹಾಕಿಸುವುದು ಜಾಣತನವಲ್ಲ. ದುರ್ಬಲ ಬೆಸುಗೆ ಘಾಟಿಯ ಇಳಿಜಾರಿನಲ್ಲಿ ಮುರಿದರೆ ಗೇರ್ ಇಳಿಸುವುದೇ ಅಸಾಧ್ಯವಾಗುತ್ತದೆ. ಬೋಲ್ಟ್ ಸಡಿಲವಾಗಿದ್ದರೆ ದಂಡದ ಹಲ್ಲುಗಳೇ ಸವೆದುಹೋಗುತ್ತವೆ. ಆದುದರಿಂದಲೇ ಬದಲಾವಣೆ ಮಾಡಿದವನ ಬಳಿ ಸಲಕರಣೆಯೂ ಇರಬೇಕು.

ಸೇವೆಯಲ್ಲಿದ್ದಾಗ ಮಲೆನಾಡಿನ ತಾಲ್ಲೂಕುಗಳಲ್ಲಿ ಪ್ರವಾಸ ಹೊರಡುವಾಗ ಕಡತಗಳೊಡನೆ ಪ್ಲಗ್ ಸ್ಪ್ಯಾನರ್, ಉಪ್ಪುಕಾಗದದ ತುಂಡು, ಇನ್ನೊಂದು ಪ್ಲಗ್ ಒಯ್ಯುತ್ತಿದ್ದೆ. ಎರಡು ಸ್ಟ್ರೋಕಿನ ಎಂಜಿನ್‌ನ ಪ್ಲಗ್‌ಗೆ ಮಸಿ ಕಟ್ಟುವುದು ನಿತ್ಯದ ಮಾತಾಗಿತ್ತು. ಬಳಕೆಯ ಕ್ಲಚ್ ಕೇಬಲ್ಲಿನ ಜತೆಯಲ್ಲೇ ಹೊಸದೊಂದನ್ನು ಕಟ್ಟಿಟ್ಟುಕೊಳ್ಳುವ ಉಪಾಯವೂ ಆಗ ಬಳಕೆಯಲ್ಲಿತ್ತು. ಇಂದು ಪ್ಲಗ್‌ನ ಕಾಟ ಕಡಿಮೆ. ಆದರೂ ಹತ್ತು, ಹನ್ನೆರಡರ ಸ್ಪ್ಯಾನರ್, ಅಲೆನ್ ಕೀಲಿಗಳು, ಇಕ್ಕಳ, ಪಂಕ್ಚರ್ ಸಾಮಗ್ರಿ, ಪುಟ್ಟ ಗಾಳಿ ಪಂಪು, ಸ್ವಲ್ಪ ತಂತಿ ಒಂದು ಚಿಕ್ಕ ಚೀಲದಲ್ಲಿ ಹಿಡಿಸುತ್ತವೆ.

2020ರ ಏಪ್ರಿಲ್ 1ರಿಂದ ಬಿಎಸ್-6 ಮಾನದಂಡ ಜಾರಿಗೆ ಬಂದಿದೆ. ಹೊಗೆ ತಗ್ಗಿಸುವ ಉದ್ದೇಶ ಸ್ವಾಗತಾರ್ಹವೇ. ಆದರೆ ಕಾರ್ಬ್ಯುರೇಟರ್‌ನ ಜಾಗಕ್ಕೆ ಸೆನ್ಸರ್‌ಗಳು ಬಂದಂತೆ ದೋಷ ಪತ್ತೆಗೆ ಯಂತ್ರದ ನೆರವು ಬೇಕಾಗಿದೆ. ಒಡೆತನವೆಂದರೆ ಬಳಸುವ, ಮಾರ್ಪಡಿಸುವ, ಮಾರುವ ಹಕ್ಕುಗಳ ಗೊಂಚಲೆಂದು ಅರ್ಥಶಾಸ್ತ್ರದಲ್ಲಿ ಓದಿದ್ದೆವು. ಆ ಗೊಂಚಲಿನಿಂದ ನಡುವಿನದೊಂದು ಸದ್ದಿಲ್ಲದೆ ಕಳಚುತ್ತಿದೆ.

ಕಾನೂನು ಏನು ಹೇಳುತ್ತದೆ? 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ನೋಂದಣಿ ಪತ್ರದ ವಿವರಗಳು ತಯಾರಕರು ನಮೂದಿಸಿದ್ದಕ್ಕಿಂತ ಭಿನ್ನವಾಗುವಂಥ ಮಾರ್ಪಾಡನ್ನು ನಿಷೇಧಿಸುತ್ತದೆ. 2019ರ ತಿದ್ದುಪಡಿಯು ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸಕ್ಕೆ ಅವಕಾಶ ನೀಡಿದೆ. ಅಂಗವಿಕಲರಿಗಾಗಿ ವಾಹನ ಹೊಂದಿಸಿಕೊಳ್ಳಲು ಕಾಯ್ದೆಯಲ್ಲೇ ದಾರಿಯಿದೆ. ಕಿವಿಗಡಚಿಕ್ಕುವ ಸೈಲೆನ್ಸರ್ ಹಾಕಿಸಿದವನು ತನ್ನ ಖುಷಿಯ ಬೆಲೆಯನ್ನು ಬೀದಿಯ ಮೇಲೆ ಹೇರುತ್ತಾನೆ. ಅವನಿಗೆ ದಂಡ ನ್ಯಾಯವೇ. ಲಿವರನ್ನು ಪಾದಕ್ಕೆ ಹೊಂದಿಸಿಕೊಂಡವನು ಯಾರ ಮೇಲೂ ಏನನ್ನೂ ಹೇರುವುದಿಲ್ಲ. ಈ ಭೇದ ನಿಯಮಗಳಲ್ಲೂ ರಸ್ತೆಯ ತಪಾಸಣೆಯಲ್ಲೂ ಸ್ಪಷ್ಟವಾಗಿರಬೇಕು.

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ‘ದುರಸ್ತಿಯ ಹಕ್ಕಿ’ನ ಚೌಕಟ್ಟು ರೂಪಿಸಲು ಸಮಿತಿ ನೇಮಿಸಿತು, ವಾಹನ ಕ್ಷೇತ್ರವೂ ಅದರ ವ್ಯಾಪ್ತಿಯಲ್ಲಿದೆ. ಈ ಹಕ್ಕು ಕಾಗದದಲ್ಲೇ ಉಳಿಯಬಾರದು. ದುರಸ್ತಿ ಕೈಪಿಡಿ ಕನ್ನಡದಲ್ಲೂ ಸಿಗಲಿ, ಬಿಡಿಭಾಗಗಳು ಮುಕ್ತವಾಗಿ ದೊರೆಯಲಿ, ದೋಷ ಓದುವ ಸಾಧನ ಹಳ್ಳಿಯ ಮೆಕ್ಯಾನಿಕ್‌ಗೂ ಎಟುಕಲಿ. ಅಧಿಕೃತ ಸರ್ವೀಸ್ ಕೇಂದ್ರ ದೂರವಿರುವ ಊರುಗಳಲ್ಲಿ ಒಂದು ಸ್ಪ್ಯಾನರ್ ಉಳಿಸುವುದು ಒಂದು ದಿನದ ಕೂಲಿಯನ್ನು.