ಕೃಷ್ಣಾ ಕಣಿವೆಗೂ ಒಂದು ವೈನ್ ಹಾದಿ ಬೇಕು

ನಂದಿಬೆಟ್ಟದ ಬುಡದಲ್ಲಿ ತೋಟ ಸುತ್ತಿ, ಪೀಪಾಯಿಗಳ ನಡುವೆ ನಡೆದು, ರುಚಿ ನೋಡುವ ಪ್ರವಾಸವೊಂದಿದೆ. ದ್ರಾಕ್ಷಿ ಬೆಳೆಯುವ ಬೆಳಗಾವಿ ಜಿಲ್ಲೆಗೆ ಅದರಿಂದ ಕಲಿಯುವುದು ಬಹಳವಿದೆ.

ಈ ಜಿಲ್ಲೆಯ ಒಂದು ತುದಿಯಲ್ಲಿ, ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ, ಮಲಪ್ರಭೆ ಹುಟ್ಟುತ್ತಾಳೆ. ಮಳೆಗಾಲ ಹಿಡಿದರೆ ಅಲ್ಲಿ ಬಿಸಿಲಿನ ಮುಖ ಕಾಣುವುದೇ ಅಪರೂಪ. ಅದೇ ಜಿಲ್ಲೆಯ ಇನ್ನೊಂದು ತುದಿಯಾದ ಅಥಣಿಯಲ್ಲಿ ರೈತ ಮುಗಿಲು ನೋಡುತ್ತಾ ಕೂರುತ್ತಾನೆ. ಕಣಕುಂಬಿಯ ತೇವದಲ್ಲಿ ದ್ರಾಕ್ಷಿಗೆ ರೋಗ ಬಿಡದು. ಅಥಣಿಯ ಒಣ ಹವೆಯಲ್ಲಿ ಅದೇ ಹಣ್ಣಿಗೆ ಸಕ್ಕರೆ ಕೂಡುತ್ತದೆ.

2007ರಲ್ಲಿ ರಾಜ್ಯ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ತಂದಿತು. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಸೀಮೆಗೆ ವೈನ್ ಭೂಪಟದಲ್ಲಿ ಕೃಷ್ಣಾ ಕಣಿವೆ ಎಂಬ ಹೆಸರಿದೆ. ಆದರೂ ಬೆಳಗಾವಿಯ ಉದ್ಯಮಬಾಗದ ಕುಟುಂಬವೊಂದು ರಜೆಯಲ್ಲಿ ವೈನ್ ತೋಟ ನೋಡಬೇಕೆಂದರೆ ನಂದಿ ಕಣಿವೆಯ ದಾರಿ ಹಿಡಿಯಬೇಕು.

ಬೆಟ್ಟದ ಬುಡದ ತೋಟ

ಬೆಳಗಾವಿಯ ಸಾಂಬ್ರಾದಿಂದ ವಿಮಾನ ಹತ್ತಿ ದೇವನಹಳ್ಳಿಯಲ್ಲಿ ಇಳಿದರೆ ದೊಡ್ಡಬಳ್ಳಾಪುರದ ಕಡೆಯ ಗ್ರೋವರ್ ತೋಟ ದೂರವಿಲ್ಲ. ಉದ್ಯಮಿ ಕನ್ವಲ್ ಗ್ರೋವರ್ ಫ್ರಾನ್ಸಿನ ಶಾಂಪೇನ್ ಸೀಮೆಯ ಜಾರ್ಜ್ ವೆಸೆಲ್ ಅವರ ನೆರವಿನಿಂದ ದೇಶದ ಹಲವೆಡೆ ನೆಲ ಪರೀಕ್ಷಿಸಿ, ಕೊನೆಗೆ ಆರಿಸಿಕೊಂಡದ್ದು ಈ ಜಾಗವನ್ನು. ಹಗಲು ಬಿಸಿಲು, ರಾತ್ರಿ ತಂಪು: 1,478 ಮೀಟರ್ ಎತ್ತರದ ನಂದಿಬೆಟ್ಟದ ನೆರಳಿನ ಈ ಹವೆಯಲ್ಲಿ ಹಣ್ಣು ಮಾಗಿದರೂ ಅದರ ಹುಳಿ ಉಳಿಯುತ್ತದೆ. ವೈನಿಗೆ ಈ ಹುಳಿಯೇ ಜೀವ.

ಪ್ರವಾಸ ತೋಟದಿಂದ ಶುರುವಾಗುತ್ತದೆ. ಕ್ಯಾಬರ್ನೆ ಸೋವಿನ್ಯೋ, ಶಿರಾಜ್, ವಿಯೋನ್ಯೆ ತಳಿಗಳ ಸಾಲುಗಳ ನಡುವೆ ನಡೆಸುತ್ತಾ ಮಾರ್ಗದರ್ಶಕರು ಒಂದೊಂದನ್ನೇ ವಿವರಿಸುತ್ತಾರೆ. ಅಥಣಿ, ವಿಜಯಪುರದ ತಿಕೋಟಾ ಕಡೆಯವರಿಗೆ ಇಲ್ಲಿ ಬಹಳಷ್ಟು ಪರಿಚಿತವೆನಿಸುತ್ತದೆ. ಏಪ್ರಿಲ್‌ನಲ್ಲೊಂದು, ಅಕ್ಟೋಬರ್ ಸುಮಾರಿಗೆ ಇನ್ನೊಂದು ಚಾಟ್ನಿ (ಕೊಂಬೆ ಸವರುವುದು) ಮಾಡುವ ಲೆಕ್ಕ ನಮ್ಮ ರೈತರಿಗೆ ಬಾಯಿಪಾಠ. ಗುರಿ ಮಾತ್ರ ಬೇರೆ. ತಿನ್ನುವ ಹಣ್ಣು ದಪ್ಪಗಿರಬೇಕು, ಬೀಜ ಇರಬಾರದು. ವೈನಿನ ಹಣ್ಣು ಚಿಕ್ಕದು, ಬೀಜ ಉಂಟು, ಸಿಪ್ಪೆ ದಪ್ಪ. ಬಣ್ಣ ಆ ಸಿಪ್ಪೆಯಲ್ಲೇ ಇರುತ್ತದೆ, ಒಗರು ಸಿಪ್ಪೆ, ಬೀಜ ಎರಡರಲ್ಲೂ.

ಒಳಗೆ ಸ್ಟೀಲ್ ಟ್ಯಾಂಕುಗಳ ಸಾಲು. ಕೆಂಪು ವೈನಿಗೆ ರಸವನ್ನು ಸಿಪ್ಪೆಯ ಜೊತೆಗೇ ಹುದುಗಿಸುತ್ತಾರೆ. ಬಿಳಿ ವೈನಿಗೆ ಮೊದಲೇ ಹಿಂಡಿ ಸಿಪ್ಪೆ ಬೇರ್ಪಡಿಸಿ, ಹೆಚ್ಚು ತಂಪಿನಲ್ಲಿ ಹುದುಗಿಸುತ್ತಾರೆ. ಫೌಂಡ್ರಿಯಲ್ಲಿ ಎರಕದ ಉಷ್ಣತೆ ತಪ್ಪಿದರೆ ಕಾಸ್ಟಿಂಗ್ ಕೆಡುವ ಹಾಗೆ, ಇಲ್ಲಿ ಕಾವು ಏರಿದರೆ ಪರಿಮಳ ಹಾರಿಹೋಗುತ್ತದೆ. ಮುಂದಿನ ಕೋಣೆಯಲ್ಲಿ ಓಕ್ ಮರದ ಪೀಪಾಯಿಗಳು. ಗ್ರೋವರ್‌ನ ಹೆಸರಾಂತ ‘ಲಾ ರಿಸರ್ವ್’ ಫ್ರೆಂಚ್ ಓಕ್‌ನಲ್ಲಿ ಮಾಗಿದ ಕೆಂಪು ವೈನ್.

ನಾಲಿಗೆಗೆ ಮೊದಲು ಮೂಗು

ಮೇಜಿನ ಮೇಲೆ ಗ್ಲಾಸುಗಳು ಬಂದಾಗ ಅವಸರ ಮಾಡಬೇಡಿ. ಮೊದಲು ಬಿಳಿ ಹಿನ್ನೆಲೆಯಲ್ಲಿ ಬಣ್ಣ ನೋಡಿ. ಗ್ಲಾಸನ್ನು ಕಾಂಡದಲ್ಲಿ ಹಿಡಿದು ಮೆಲ್ಲಗೆ ತಿರುಗಿಸಿ. ಗಾಳಿ ಸೇರಿ ಪರಿಮಳ ಬಿಚ್ಚಿಕೊಳ್ಳುತ್ತದೆ. ಮೂಗನ್ನು ಹತ್ತಿರ ತನ್ನಿ. ಸೋವಿನ್ಯೋ ಬ್ಲಾಂ ಎಂಬ ಬಿಳಿ ವೈನ್‌ನಲ್ಲಿ ಹಸಿ ಹುಲ್ಲು, ನಿಂಬೆ, ಸೀಬೆ ಸಿಗಬಹುದು; ಶಿರಾಜ್‌ನಲ್ಲಿ ಕರಿಮೆಣಸು. ಆಮೇಲೆ ಒಂದು ಗುಟುಕು. ಬಾಯೆಲ್ಲ ಆಡಿಸಿ, ಹುಳಿ, ಒಗರು, ಸಿಹಿಗಳನ್ನು ಬೇರೆ ಬೇರೆಯಾಗಿ ಗಮನಿಸಿ. ನುಂಗಲೇಬೇಕೆಂದಿಲ್ಲ, ರುಚಿ ನೋಡಿ ಉಗುಳುವುದು ವೃತ್ತಿಪರರ ಪದ್ಧತಿ. ಇಲ್ಲಿ ಕಲಿಯುವುದು ಗಮನವಿಟ್ಟು ಸವಿಯುವುದನ್ನು. ಕಾರು ಓಡಿಸುವವರು ಮಾತ್ರ ಗ್ಲಾಸ್ ಮುಟ್ಟಲೇಬಾರದು.

ರಾಜ್ಯದಲ್ಲಿ ಬೇರೆ ವೈನ್ ತಾಣಗಳೂ ಇವೆ. ಬೆಂಗಳೂರು–ಮೈಸೂರು ದಾರಿಯ ಚನ್ನಪಟ್ಟಣದಲ್ಲಿ ಡೊಮೇನ್ ಸುಲಾ ಇದೆ. ಕೊಪ್ಪಳ ಜಿಲ್ಲೆಯ ಬಂಡೆಗಳ ನಾಡಿನಲ್ಲಿ ಕ್ರಿಸ್ಮಾ ಎಸ್ಟೇಟ್ಸ್ ಕ್ಯಾಬರ್ನೆ, ಸಾಂಜೋವೇಸೆ ಬೆಳೆಯುತ್ತದೆ. ಅಂದರೆ ನಮ್ಮ ಉತ್ತರ ಕರ್ನಾಟಕದ ಬಿಸಿಲಿನಲ್ಲೂ ಒಳ್ಳೆಯ ವೈನ್ ದ್ರಾಕ್ಷಿ ಬೆಳೆದೀತು ಎಂಬುದು ಸಾಬೀತಾಗಿದೆ.

ನಮ್ಮ ಪಾಲು ಯಾವುದು?

ಕೃಷ್ಣಾ ಕಣಿವೆಯ ದ್ರಾಕ್ಷಿ ಬಹುಪಾಲು ಹಣ್ಣಿನ ಮಾರುಕಟ್ಟೆಗೆ, ಇಲ್ಲವೇ ಒಣದ್ರಾಕ್ಷಿಯ ಶೆಡ್‌ಗೆ ಹೋಗುತ್ತದೆ. ಕಟಾವಿನ ಹೊತ್ತಿಗೆ ಅಕಾಲಿಕ ಮಳೆ ಬಿದ್ದರೆ, ದರ ಕುಸಿದರೆ ರೈತನಿಗೆ ಬೇರೆ ಆಸರೆಯಿಲ್ಲ. ತೋಟಕ್ಕೇ ಜನ ಬಂದರೆ ಹಣ್ಣಿನ ಜೊತೆಗೆ ಊಟ, ವಸತಿ, ಒಣದ್ರಾಕ್ಷಿ, ರಸ ಎಲ್ಲಕ್ಕೂ ಬೆಲೆ ಬರುತ್ತದೆ. ನಾಸಿಕ ಇದನ್ನು ಕಣ್ಣೆದುರೇ ಮಾಡಿ ತೋರಿಸಿದೆ: 1999ರಲ್ಲಿ ಆರಂಭವಾದ ಸುಲಾ ಆ ಊರನ್ನು ಪ್ರವಾಸಿಗರ ವೈನ್ ತಾಣವಾಗಿಸಿತು.

ಬೆಳಗಾವಿಗೆ ಏನು ಕಡಿಮೆ? ಅಥಣಿಯಲ್ಲಿ ತೋಟಗಳಿವೆ, ಹೆಸರುವಾಸಿ ಚಪ್ಪಲಿ ಕುಶಲಕರ್ಮಿಗಳಿದ್ದಾರೆ. ಗೋಕಾಕದಲ್ಲಿ ಜಲಪಾತವಿದೆ, ಕಿತ್ತೂರಿನಲ್ಲಿ ಕೋಟೆಯಿದೆ, ಖಾನಾಪುರದಲ್ಲಿ ಕಾಡಿದೆ. ಟ್ಯಾಂಕು, ವಾಲ್ವು, ಪಂಪುಗಳ ಕೆಲಸ ಉದ್ಯಮಬಾಗದ ಕೈಗಳಿಗೆ ಹೊಸದಲ್ಲ. ಇವೆಲ್ಲವನ್ನೂ ಒಂದೇ ಹಾದಿಯಲ್ಲಿ ಪೋಣಿಸುವ ಕೆಲಸ ಬಾಕಿಯಿದೆ.

ವೈನ್ ಬೋರ್ಡ್, ಪ್ರವಾಸೋದ್ಯಮ ಇಲಾಖೆ ಮತ್ತು ದ್ರಾಕ್ಷಿ ಬೆಳೆಗಾರರು ಒಂದೇ ಮೇಜಿಗೆ ಬರಲಿ. ಓದುಗರಲ್ಲೂ ಒಂದು ಕೋರಿಕೆ: ಜನವರಿಯಿಂದ ಮಾರ್ಚ್‌ವರೆಗಿನ ಕಟಾವಿನ ಕಾಲದಲ್ಲಿ, ಮುಂಚಿತವಾಗಿ ಹೆಸರು ನೋಂದಾಯಿಸಿ ನಂದಿ ಕಣಿವೆಗೆ ಹೋಗಿ ಬನ್ನಿ. ಬಂದ ಮೇಲೆ ಅಥಣಿಯ ತೋಟವನ್ನೂ ನೋಡಿ, ನಮ್ಮಲ್ಲೂ ಇಂಥದ್ದು ಬೇಕೆಂದು ಕೇಳಿ. ಕೇಳುವವರಿದ್ದರೆ ಹಾದಿ ತಾನಾಗಿ ತೆರೆದುಕೊಳ್ಳುತ್ತದೆ.