ಬಾಗಿದ ಬೆನ್ನಿಗೆ ಉಸಿರಿನ ಆಸರೆ

ಮಕ್ಕಳು ನೋಡನೋಡುತ್ತಿರುವಂತೆಯೇ ಎತ್ತರಕ್ಕೆ ಬೆಳೆಯುವ ಹತ್ತರಿಂದ ಹದಿನೈದರ ಪ್ರಾಯದಲ್ಲಿ, ಜಡೆ ಹೆಣೆಯಲು ಕುಳಿತ ತಾಯಿಗೆ ಮಗಳ ಒಂದು ಹೆಗಲು ಮೇಲೆದ್ದು ಮತ್ತೊಂದು ಇಳಿದಂತೆ ತೋರಿದರೆ, "ನೆಟ್ಟಗೆ ಕೂತುಕೋ" ಎಂದು ಗದರುವ ಮೊದಲು ಅವಳನ್ನು ಮೊಣಕಾಲು ಮಡಿಸದಂತೆ ಮುಂದಕ್ಕೆ ಬಗ್ಗಿಸಿ ಹಿಂದಿನಿಂದ ಒಮ್ಮೆ ನೋಡುವುದು ಲೇಸು. ಬೆನ್ನಿನ ಒಂದು ಪಾರ್ಶ್ವ ಉಬ್ಬಿ ಕಂಡಿತಾದರೆ ಅದು ಸ್ಕೋಲಿಯೋಸಿಸ್ ಇರಬಹುದು, ವೈದ್ಯರಿಗೆ ತೋರಿಸಬೇಕು. ಸೋಮಾರಿತನದಿಂದಾಗಲಿ ಶಾಲೆಯ ಚೀಲದ ಭಾರದಿಂದಾಗಲಿ ಬರುವ ದೋಷವಲ್ಲ ಅದು. ಬಹುಪಾಲು ಮಕ್ಕಳಲ್ಲಿ ಅದರ ಮೂಲಕಾರಣವನ್ನು ವೈದ್ಯಶಾಸ್ತ್ರವೇ ಇನ್ನೂ ಕಂಡುಕೊಂಡಿಲ್ಲವಾಗಿ, ಮಗುವನ್ನು ದೂಷಿಸುವುದು ಅನ್ಯಾಯ.

ಈ ವ್ಯಾಧಿಯಲ್ಲಿ ಮೇರುದಂಡವು ಪಕ್ಕಕ್ಕೆ ಬಾಗುವುದಷ್ಟೇ ಅಲ್ಲದೆ, ಅದರ ಕಶೇರುಗಳು ತಿರುಚಿಕೊಂಡು ತಮಗಂಟಿದ ಪಕ್ಕೆಲುಬುಗಳನ್ನೂ ಎಳೆದೊಯ್ಯುವುದರಿಂದ, ಬೆನ್ನು ಒಂದು ಕಡೆ ಉಬ್ಬಿ ಇನ್ನೊಂದು ಕಡೆ ತಗ್ಗಾಗುತ್ತದೆ. ಎಕ್ಸ್‌ರೇ ಚಿತ್ರದಲ್ಲಿ ಅಳೆದ ಬಾಗು 10 ಡಿಗ್ರಿಯಾದರೂ ಇದ್ದಲ್ಲಿ ಮಾತ್ರ ಈ ಹೆಸರು ಸಲ್ಲುವುದು.

ಇದಕ್ಕೆ ವ್ಯಾಯಾಮದ ಮಾರ್ಗವೊಂದನ್ನು ತೋರಿದವರು, ಇದೇ ವ್ಯಾಧಿಯನ್ನು ತಾವೇ ಅನುಭವಿಸಿದ ಜರ್ಮನಿಯ ಕಟರೀನಾ ಶ್ರೋಟ್ (1894–1985). ಹದಿನಾರರ ಹರೆಯದಲ್ಲಿ ಉಕ್ಕಿನ ಕವಚ ತೊಡಬೇಕಾಗಿ ಬಂದ ಆಕೆ, ತಗ್ಗುಬಿದ್ದ ಬಲೂನು ಗಾಳಿ ತುಂಬಿದೊಡನೆ ದುಂಡಗಾಗುವುದನ್ನು ಕಂಡು, ತನ್ನ ತಗ್ಗಿದ ಪಕ್ಕೆಯನ್ನೂ ಉಸಿರಿನಿಂದ ತುಂಬಬಾರದೇಕೆಂದು ಚಿಂತಿಸಿ, ಕನ್ನಡಿಯ ಮುಂದೆ ತನ್ನ ದೇಹವನ್ನೇ ಅಭ್ಯಸಿಸಿ, 1921ರಲ್ಲಿ ಮೈಸೆನ್ ನಗರದಲ್ಲಿ ಚಿಕಿತ್ಸಾಲಯ ತೆರೆದರು. ಆಕೆಯ ಮಗಳು ಕ್ರಿಸ್ಟಾ ಆ ಪದ್ಧತಿಯನ್ನು ಮುಂದುವರಿಸಿದರು.

ಅದರ ಮರ್ಮವಿರುವುದು ಬಲಪ್ರಯೋಗದಲ್ಲಲ್ಲ, ಅರಿವಿನಲ್ಲಿ. ಕಿಶೋರಿ ಮೊದಲು ಸೊಂಟವನ್ನು ಸಮಕ್ಕೆ ತಂದು, ಬೆನ್ನನ್ನು ನೀಳವಾಗಿಸಿ, ತಿರುಚಿಗೆ ವಿರುದ್ಧವಾದ ದಿಕ್ಕಿನಲ್ಲಿ ಮುಂಡವನ್ನು ಹಿಡಿದು, ಉಸಿರನ್ನು ತಗ್ಗಿದ ಪಕ್ಕೆಯ ಕಡೆಗೇ ತುಂಬಿಕೊಂಡು, ಬಿಡುವಾಗ ಆ ಭಂಗಿ ಕದಲದಂತೆ ಸ್ನಾಯುಗಳನ್ನು ಬಿಗಿಯುವಳು. ಪ್ರತಿಯೊಬ್ಬರ ಬಾಗು ಬೇರೆಯಾದುದರಿಂದ ಒಬ್ಬಳ ವ್ಯಾಯಾಮ ಮತ್ತೊಬ್ಬಳಿಗೆ ಒಗ್ಗದು. ಪಳಗಿದ ಫಿಸಿಯೋಥೆರಪಿಸ್ಟರ ಕಣ್ಣಳತೆಯಲ್ಲಿಯೇ ಕಲಿತು, ಆಮೇಲೆ ಮನೆಯಲ್ಲಿ ಪ್ರತಿದಿನ ಮಾಡತಕ್ಕದ್ದು.

ಫಲವೆಷ್ಟು? ಕೆನಡಾದಲ್ಲಿ 10ರಿಂದ 18 ವರ್ಷದ 50 ಮಂದಿಯ ಮೇಲೆ ನಡೆದ ಪರೀಕ್ಷೆಯಲ್ಲಿ, ಆರು ತಿಂಗಳ ತರುವಾಯ ವ್ಯಾಯಾಮ ಮಾಡಿದವರ ಬಾಗು ಉಳಿದವರದಕ್ಕಿಂತ ಸರಾಸರಿ 3.5 ಡಿಗ್ರಿ ಕಡಿಮೆಯಿತ್ತು. ಎಕ್ಸ್‌ರೇ ಅಳತೆಯಲ್ಲಿಯೇ 5 ಡಿಗ್ರಿಯಷ್ಟು ವ್ಯತ್ಯಾಸ ಬರಬಹುದಾದುದರಿಂದ ಇದು ದೊಡ್ಡ ಗೆಲುವಲ್ಲ. ಆದರೂ ಬೆಳೆಯುವ ಬೆನ್ನಿನ ಬಾಗು ಹೆಚ್ಚದೆ ನಿಲ್ಲುವುದೇ ಒಂದು ಲಾಭವೆಂದು ನನ್ನ ಭಾವನೆ. ಬಾಗು 25 ಡಿಗ್ರಿ ದಾಟಿ ಬೆಳವಣಿಗೆ ಇನ್ನೂ ಉಳಿದಿದ್ದರೆ ವೈದ್ಯರು ಸಾಮಾನ್ಯವಾಗಿ ಬ್ರೇಸ್, ಅಂದರೆ ಬೆನ್ನಿನ ಕವಚ, ಸೂಚಿಸುವರು. 50 ಡಿಗ್ರಿಯ ಆಸುಪಾಸಿನಲ್ಲಿ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ವ್ಯಾಯಾಮವನ್ನು ನಂಬಿ ಬ್ರೇಸನ್ನು ತೊರೆಯುವುದು ಅಪಾಯಕರ. ಅವೆರಡೂ ಜೊತೆಯಾಗಿ ನಡೆಯಬೇಕಾದವು. ಬೆಳವಣಿಗೆ ಮುಗಿಯುವವರೆಗೆ ವೈದ್ಯರು ಹೇಳಿದ ಅವಧಿಗೆ ಬೆನ್ನನ್ನು ಮತ್ತೆ ಮತ್ತೆ ಅಳೆಯಿಸುತ್ತಲೂ ಇರಬೇಕು.