ಸೇಬು, ಚಕ್ಕೆ, 45 ಎಂಎಲ್ ವಿಸ್ಕಿ: ಮನೆಯಲ್ಲೇ ಶರತ್ಕಾಲದ ಕಾಕ್‌ಟೇಲ್

ಮೊದಲೇ ಹೇಳಿಬಿಡ್ತೀನಿ, ಈ ಸಂಚಿಕೆ 21 ವರ್ಷ ತುಂಬಿದವರಿಗೆ. ಕುಡಿಯದೇ ಇರೋರು ಸ್ಕಿಪ್ ಮಾಡ್ಬೇಡಿ, ಕೊನೇಲಿ ನಿಮಗೂ ಒಂದು ಗ್ಲಾಸ್ ಇದೆ.

ಅಕ್ಟೋಬರ್ ಬಂತು ಅಂದ್ರೆ ಇನ್‌ಸ್ಟಾಗ್ರಾಮ್ ತುಂಬಾ ಕೆಂಪು ಎಲೆ, ಸೇಬು, ಚಕ್ಕೆ ಕಡ್ಡಿ ಸಿಕ್ಕಿಸಿದ ವಿಸ್ಕಿ ಗ್ಲಾಸ್. ನೋಡೋಕೆ ಚೆನ್ನಾಗಿರುತ್ತೆ. ಆದ್ರೆ ಆ ರೀಲ್ಸ್‌ನಲ್ಲಿ ಎರಡು ವಿಷಯ ಯಾರೂ ಹೇಳಲ್ಲ. ಒಂದು, ಈ ರುಚಿಗಳು ಒಟ್ಟಿಗೆ ಯಾಕೆ ಹೊಂದುತ್ತೆ? ಎರಡು, ಜ್ಯೂಸ್ ಥರ ಇಳಿಯೋ ಆ ಗ್ಲಾಸಲ್ಲಿ ನಿಜವಾಗಿ ಆಲ್ಕೋಹಾಲ್ ಎಷ್ಟಿದೆ? ಇವತ್ತು ಎರಡನ್ನೂ ನೋಡೋಣ.

ಇದು ಎಲ್ಲಿಯ ಪಾನೀಯ?

ಅಮೆರಿಕದ್ದು. ಅಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಅಂದ್ರೆ ಸೇಬು ಕೀಳೋ ಕಾಲ. ಸೇಬನ್ನ ಅರೆದು, ಹಿಂಡಿ, ಸೋಸದೆ ಇಟ್ಟ ಮಬ್ಬು ಬಣ್ಣದ ರಸಕ್ಕೆ ಅವರು ‘ಸೈಡರ್’ ಅಂತಾರೆ. ಗಮನಿಸಿ, ಬ್ರಿಟನ್‌ನಲ್ಲಿ ಸೈಡರ್ ಅಂದ್ರೆ ಹುಳಿ ಬಂದ, ಮದ್ಯ ಇರೋ ಪಾನೀಯ. ಅಮೆರಿಕದ ರೆಸಿಪಿಯಲ್ಲಿ ಆ ಪದ ಕಂಡ್ರೆ ಸಾಮಾನ್ಯವಾಗಿ ಬರೀ ಸೇಬಿನ ರಸ ಅಂತ ಅರ್ಥ. ಅದಕ್ಕೆ ಬರ್ಬನ್ ವಿಸ್ಕಿ, ಮೇಪಲ್ ಸಿರಪ್, ಚಕ್ಕೆ ಸೇರಿದ್ರೆ ‘ಫಾಲ್ ಕಾಕ್‌ಟೇಲ್’ ರೆಡಿ. ತಮಾಷೆ ಏನಂದ್ರೆ, ಮೇಪಲ್ ಎಲೆ ಕೆಂಪಾಗೋದು ಶರತ್ಕಾಲದಲ್ಲಿ, ಸಿರಪ್‌ಗೆ ಮರದ ರಸ ಇಳಿಸೋದು ಮಾತ್ರ ಚಳಿಗಾಲ ಮುಗಿಯೋ ಹೊತ್ತಿಗೆ. ಸುಮಾರು 40 ಲೀಟರ್ ರಸ ಕುದಿಸಿದ್ರೆ 1 ಲೀಟರ್ ಸಿರಪ್. ಬೆಲೆ ಯಾಕೆ ಅಷ್ಟು ಅಂತ ಈಗ ಗೊತ್ತಾಯ್ತಲ್ಲ?

ನಮ್ಮಲ್ಲಿ ಎಲೆ ಕೆಂಪಾಗಲ್ಲ, ಸರಿ. ಆದ್ರೆ ಹಿಮಾಚಲ, ಕಾಶ್ಮೀರದ ಹೊಸ ಸೇಬು ನಮ್ಮ ಮಾರ್ಕೆಟ್‌ಗೆ ಬರೋದೂ ಇದೇ ಸಮಯದಲ್ಲೇ, ದಸರಾ, ದೀಪಾವಳಿ ಆಸುಪಾಸು. ಹಾಗಾಗಿ ಕಾಲ ಕೂಡಿ ಬರುತ್ತೆ.

ರುಚಿ ಹೊಂದೋದು ಯಾಕೆ?

ಉತ್ತರ ಇರೋದು ಮರದ ಪೀಪಾಯಿಯಲ್ಲಿ. ಬರ್ಬನ್ ಅಂತ ಕರೀಬೇಕಾದ್ರೆ ಧಾನ್ಯದಲ್ಲಿ ಕನಿಷ್ಠ 51 ಪರ್ಸೆಂಟ್ ಮೆಕ್ಕೆಜೋಳ ಇರಬೇಕು, ಒಳಗೆ ಸುಟ್ಟ ಹೊಸ ಓಕ್ ಪೀಪಾಯಿಯಲ್ಲಿ ಇಡಬೇಕು. ಇದು ಅಮೆರಿಕದ ಕಾನೂನು. ಓಕ್ ಮರದಿಂದ ವಿಸ್ಕಿಗೆ ವೆನಿಲಿನ್ ಇಳಿಯುತ್ತೆ, ಅದೇ ವೆನಿಲಾ ಘಮ. ಯೂಜಿನಾಲ್ ಅನ್ನೋದೂ ಸ್ವಲ್ಪ ಇಳಿಯುತ್ತೆ, ಲವಂಗಕ್ಕೆ ವಾಸನೆ ಕೊಡೋದು ಅದೇ. ಅಂದ್ರೆ ನೀವು ಲವಂಗ, ಚಕ್ಕೆ ಹಾಕಿದಾಗ ಹೊರಗಿನ ರುಚಿ ತುರುಕ್ತಾ ಇಲ್ಲ, ವಿಸ್ಕಿಯಲ್ಲಿ ಮೊದಲೇ ಇದ್ದದ್ದನ್ನ ಎತ್ತಿ ತೋರಿಸ್ತಾ ಇದ್ದೀರ. ಸೇಬಿನ ಹುಳಿ ಸಿಹಿಯನ್ನ ಹಿಡಿದಿಡುತ್ತೆ. ಅಷ್ಟೇ ಲೆಕ್ಕ.

ಬರ್ಬನ್ ಇಲ್ಲ ಅಂದ್ರೆ? ಇಲ್ಲಿಯ ಸಾಧಾರಣ ವಿಸ್ಕಿ ಸಾಕು. ನಮ್ಮ ಬೆಂಗಳೂರಿನ ಅಮೃತ್ ಡಿಸ್ಟಿಲರಿ 2004ರಲ್ಲಿ ಗ್ಲಾಸ್ಗೋದಲ್ಲಿ ಸಿಂಗಲ್ ಮಾಲ್ಟ್ ಬಿಡುಗಡೆ ಮಾಡಿ ಹೆಸರು ಮಾಡ್ತು ಅಂತ ನಿಮಗೆ ಗೊತ್ತು. ಆದ್ರೆ ದುಬಾರಿ ಸಿಂಗಲ್ ಮಾಲ್ಟ್‌ಗೆ ಸೇಬಿನ ರಸ ಬೆರೆಸಿದ್ರೆ ನೀವು ದುಡ್ಡು ಕೊಟ್ಟ ಸೂಕ್ಷ್ಮ ರುಚಿನೇ ಮುಚ್ಚಿಹೋಗುತ್ತೆ. ಅದನ್ನ ಹಾಗೇ ಕುಡೀರಿ. ಹೊಗೆ ವಾಸನೆ ಇರೋ ಪೀಟೆಡ್ ವಿಸ್ಕಿ ಅಂತೂ ಇದಕ್ಕೆ ಬೇಡವೇ ಬೇಡ.

ಮಾಡೋದು ಹೇಗೆ? ಎರಡು ಗ್ಲಾಸಿಗೆ

ಮೊದಲು ಸೇಬಿನ ರಸ. ಎರಡು ದೊಡ್ಡ ಸೇಬನ್ನ ಬೀಜ ತೆಗೆದು ಮಿಕ್ಸಿಗೆ ಹಾಕಿ, ತೆಳು ಬಟ್ಟೆಯಲ್ಲಿ ಹಿಂಡಿ. ಸುಮಾರು 200 ಎಂಎಲ್ ರಸ ಬೇಕು, ಕಡಿಮೆ ಬಂದ್ರೆ ಇನ್ನೊಂದು ಸೇಬು ಸೇರಿಸಿ. ಕಂದು ಬಣ್ಣಕ್ಕೆ ತಿರುಗಿದ್ರೆ ಗಾಬರಿ ಬೇಡ, ಗಾಳಿ ತಾಗಿದ್ರೆ ಹಾಗೇ ಆಗೋದು. ಒಂದು ಬೆರಳುದ್ದ ಚಕ್ಕೆ, ಒಂದೇ ಒಂದು ಲವಂಗ ಹಾಕಿ ಸಣ್ಣ ಉರಿಯಲ್ಲಿ 120 ಎಂಎಲ್‌ಗೆ ಇಳಿಯೋವರೆಗೆ ಕುದಿಸಿ. ಲವಂಗ ಎರಡಾದ್ರೆ ಹಲ್ಲುನೋವಿನ ಔಷಧಿ ಆಗುತ್ತೆ! ಸೋಸಿ, ಪೂರ್ತಿ ತಣ್ಣಗಾಗೋಕೆ ಬಿಡಿ. ಒಲೆ ಉರೀತಿರೋವಾಗ ಪಾತ್ರೆಗೆ ವಿಸ್ಕಿ ಸುರೀಬೇಡಿ. ಆವಿಗೆ ಬೆಂಕಿ ಹತ್ತಬಹುದು.

ಈಗ ಒಂದು ಗ್ಲಾಸಿನ ಅಳತೆ:

- ವಿಸ್ಕಿ: 45 ಎಂಎಲ್
- ಕುದಿಸಿ ತಣಿಸಿದ ಸೇಬಿನ ರಸ: 60 ಎಂಎಲ್
- ನಿಂಬೆರಸ: 10 ಎಂಎಲ್
- ಮೇಪಲ್ ಸಿರಪ್ ಅಥವಾ ಜೋನಿ ಬೆಲ್ಲ: 10 ಎಂಎಲ್
- ಮನೇಲಿದ್ರೆ ಬಿಟರ್ಸ್: ಎರಡು ಹನಿ

ಜೋನಿ ಬೆಲ್ಲದ ಬಗ್ಗೆ ನಾನು ಸ್ವಲ್ಪ ಪಕ್ಷಪಾತಿ. ಮಲೆನಾಡಿನವರು ದೋಸೆಗೆ ಹಾಕ್ಕೊಳ್ಳೋ ಆ ನೀರು ಬೆಲ್ಲಕ್ಕೆ ಮೇಪಲ್‌ಗಿಂತ ಗಾಢವಾದ ರುಚಿ ಇದೆ. ಗಟ್ಟಿ ಇದ್ರೆ ಒಂದು ಚಮಚ ಬಿಸಿನೀರಲ್ಲಿ ಕರಗಿಸಿ.

ಶೇಕರ್ ಬೇಕಿಲ್ಲ, ಬಿಗಿ ಮುಚ್ಚಳದ ಗಾಜಿನ ಜಾಡಿ ಸಾಕು. ಉಪ್ಪಿನಕಾಯಿ ಹಾಕಿದ್ದ ಜಾಡಿ ಮಾತ್ರ ಬೇಡ. ಎಲ್ಲ ಹಾಕಿ, ಐಸ್ ತುಂಬಿ, 12ರಿಂದ 15 ಸೆಕೆಂಡ್ ಜೋರಾಗಿ ಅಲ್ಲಾಡಿಸಿ. ಇದು ಬರೀ ತಣ್ಣಗೆ ಮಾಡೋಕಲ್ಲ. ಕರಗಿದ ಐಸ್ ನೀರು ಕೂಡ ರೆಸಿಪಿಯ ಭಾಗ, ಅದಿಲ್ಲದಿದ್ರೆ ಗಂಟಲು ಸುಡುತ್ತೆ. ಫ್ರೀಜರ್‌ನಲ್ಲಿ ಮೀನಿನ ಪಕ್ಕ ಇದ್ದ ಐಸ್ ಆದ್ರೆ ಮೀನಿನ ವಾಸನೆಯೂ ಗ್ಲಾಸಿಗೆ ಬರುತ್ತೆ, ಹುಷಾರ್. ಹೊಸ ಐಸ್ ಮೇಲೆ ಸೋಸಿ, ಕಿತ್ತಳೆ ಸಿಪ್ಪೆಯ ಒಂದು ಚೂರನ್ನ ಗ್ಲಾಸಿನ ಮೇಲೆ ಹಿಸುಕಿ. ಮುಗೀತು.

ಈಗ ಬಿಕಾಂ ಲೆಕ್ಕ

45 ಎಂಎಲ್ ಯಾಕೆ, ನಮ್ಮ 60ರ ಲಾರ್ಜ್ ಪೆಗ್ ಯಾಕಲ್ಲ? ಮೊದಲು ದುಡ್ಡು: 750 ಎಂಎಲ್ ಬಾಟಲಿಯಲ್ಲಿ 60ರ ಲೆಕ್ಕಕ್ಕೆ 12 ಗ್ಲಾಸ್, 45ರ ಲೆಕ್ಕಕ್ಕೆ 16. ಬಾಟಲಿ ಬೆಲೆಯನ್ನ 16ರಿಂದ ಭಾಗಿಸಿ, ಸೇಬು, ನಿಂಬೆಹಣ್ಣಿನ ಖರ್ಚು ಸೇರಿಸಿ, ಬಾರ್ ಬಿಲ್ ಪಕ್ಕ ಇಟ್ಟು ನೋಡಿ. ಮುಂದೆ ನಾನು ಹೇಳೋದೇನೂ ಇಲ್ಲ.

ಆದ್ರೆ ಮುಖ್ಯ ಲೆಕ್ಕ ದುಡ್ಡಿಂದಲ್ಲ. ನಮ್ಮ ಬಹುತೇಕ ವಿಸ್ಕಿ 42.8 ಪರ್ಸೆಂಟ್. 45 ಎಂಎಲ್‌ನಲ್ಲಿ ಸುಮಾರು 15 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತೆ, 60ರಲ್ಲಿ 20 ಗ್ರಾಂ. 10 ಗ್ರಾಂ ಅಂದ್ರೆ ಒಂದು ‘ಸ್ಟ್ಯಾಂಡರ್ಡ್ ಡ್ರಿಂಕ್’. ಅಂದ್ರೆ ನಮ್ಮ ಒಂದು ಗ್ಲಾಸ್ ಲೆಕ್ಕದಲ್ಲಿ ಒಂದೂವರೆ. ಐಸ್ ಕರಗಿದ ಮೇಲೂ ಈ ಪಾನೀಯ ಹೆಚ್ಚುಕಮ್ಮಿ ವೈನ್‌ನಷ್ಟೇ ಸ್ಟ್ರಾಂಗ್. ನಾಲಿಗೆಗೆ ಮಾತ್ರ ಸೇಬು, ಬೆಲ್ಲ. ಮೋಸ ಇರೋದು ಅಲ್ಲೇ. ಕಣ್ಣಳತೆಯಲ್ಲಿ ಸುರಿದು, ಬಾಯಾರಿಕೆಗೆ ಕುಡಿದಂಗೆ ಎರಡು ಗ್ಲಾಸ್ ಇಳಿಸಿದ್ರೆ ಕುಡಿದವರಿಗೂ ಗೊತ್ತಾಗಲ್ಲ, ಸುರಿದವರಿಗೂ ಗೊತ್ತಾಗಲ್ಲ.

ನಮ್ಮ ರೂಮಲ್ಲಿ ಹಬ್ಬದ ರಜೆಗೆ ಗೆಳೆಯರು ಸೇರಿದಾಗ ನನ್ನ ನಿಯಮ ಸರಳ. ಕೆಮ್ಮಿನ ಸಿರಪ್ ಜೊತೆ ಬರೋ ಗೆರೆ ಇರೋ ಮುಚ್ಚಳವನ್ನ ತೊಳೆದು ಅಳತೆಗೆ ಇಟ್ಕೊಳ್ತೀನಿ. ಗಾಡಿ ಕೀ ಎಲ್ಲ ಫ್ರಿಜ್ ಮೇಲಿನ ಡಬ್ಬಿಗೆ. ‘ಏನ್ ಮಗಾ, ಪೊಲೀಸ್ ಥರ ಆಡ್ತೀಯಾ’ ಅಂತ ರೇಗಿಸ್ತಾರೆ, ರೇಗಿಸಲಿ. ಕಾನೂನಿನ ಮಿತಿ 100 ಎಂಎಲ್ ರಕ್ತಕ್ಕೆ 30 ಮಿಲಿಗ್ರಾಂ. ಇಂಥ ಒಂದೇ ಗ್ಲಾಸ್‌ಗೆ ಕೆಲವರು ಅದನ್ನ ಮುಟ್ಟಬಹುದು ಅಥವಾ ದಾಟಬಹುದು. ಮೊದಲ ಸಲ ಸಿಕ್ಕಿಬಿದ್ರೆ 10,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ದಂಡ ಕಟ್ಟಬಹುದು ಬಿಡಿ, ಸ್ಕೂಟರ್ ಹಿಂದೆ ಕೂತವರ ಲೆಕ್ಕ ಯಾರು ಕಟ್ತಾರೆ? ಕಾಫಿ ಕುಡಿದ್ರೆ, ತಣ್ಣೀರು ಸ್ನಾನ ಮಾಡಿದ್ರೆ ಇಳಿಯಲ್ಲ. ಇಳಿಸೋದು ಸಮಯ ಮಾತ್ರ.

ಇನ್ನೊಂದು ಮಾತು. ಆರೋಗ್ಯಕ್ಕೆ ಸುರಕ್ಷಿತ ಅನ್ನೋ ಆಲ್ಕೋಹಾಲ್ ಪ್ರಮಾಣವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಅದಕ್ಕೇ ಕುಡಿಯದವರನ್ನ ‘ಒಂದೇ ಒಂದು’ ಅಂತ ಒತ್ತಾಯ ಮಾಡೋದು ಆತಿಥ್ಯ ಅಲ್ಲ. ಅವರಿಗೂ ಇದೇ ಜಾಡಿ ಸಾಕು: ವಿಸ್ಕಿ ಬದಲು 45 ಎಂಎಲ್ ಸ್ಟ್ರಾಂಗ್ ಬ್ಲ್ಯಾಕ್ ಟೀ, ತಣ್ಣಗೆ ಮಾಡಿದ್ದು. ಬಿಟರ್ಸ್‌ನಲ್ಲೂ ಆಲ್ಕೋಹಾಲ್ ಇರೋದ್ರಿಂದ ಅದನ್ನ ಬಿಡಿ. ಟೀಯ ಒಗರು ವಿಸ್ಕಿಯ ಜಾಗ ತುಂಬುತ್ತೆ. ಬಣ್ಣವೂ ಹೆಚ್ಚುಕಮ್ಮಿ ಅದೇ, ಹಾಗಾಗಿ ‘ನಿನ್ ಗ್ಲಾಸಲ್ಲಿ ಏನು’ ಅಂತ ಯಾರೂ ಕೇಳಲ್ಲ.

ಸೇಬಿನ ರಸ ಉಳಿದ್ರೆ ಫ್ರಿಜ್‌ನಲ್ಲಿಟ್ಟು ಎರಡು ದಿನದೊಳಗೆ ಮುಗಿಸಿ. ಬೆಳಗಿನ ದೋಸೆ ಜೊತೆಗೂ ಚೆನ್ನಾಗಿರುತ್ತೆ. ಮಾಡಿ ನೋಡಿ, ಅಳೆದು ಮಾಡಿ, ಮೇಪಲ್ ಗೆಲ್ತಾ ಜೋನಿ ಬೆಲ್ಲ ಗೆಲ್ತಾ ಅಂತ ವಾಯ್ಸ್ ನೋಟ್ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.